ಓದುಗರ ಪ್ರಶ್ನೆ: ಸಿಂಗಪುರದ ಮ್ಯಾಕ್‌ರಿಚಿ ಕಾಡಿನಲ್ಲಿ ಏನೇನು ಕಾಣಬಹುದು?

ಪ್ರಶ್ನೆ: ಡಿಸೆಂಬರಿನಲ್ಲಿ ಸಿಂಗಪುರದ ಮಗಳ ಮನೆಗೆ ಹೋಗುತ್ತಿದ್ದೇನೆ. ಅಲ್ಲಿನ ಮ್ಯಾಕ್‌ರಿಚಿ ಜಲಾಶಯದ ಸುತ್ತ ಮಳೆಕಾಡಿದ್ದು, ಕಾಡುಪ್ರಾಣಿಗಳು ಕಾಣಸಿಗುತ್ತವೆ ಎಂದು ಕೇಳಿದ್ದೇನೆ. ನಗರದ ನಡುವಿನ ಕಾಡಿನಲ್ಲಿ ನೋಡುವಂಥದ್ದು ಏನಿರುತ್ತದೆ? ಮಂಡಿನೋವಿರುವ ನಾನು ಅಲ್ಲಿನ ತೂಗುಸೇತುವೆಗೆ ಹೋಗಬಹುದೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಕಬಿನಿ ಹಿನ್ನೀರಿನಲ್ಲಿ ದೋಣಿಯಲ್ಲಿ ಕುಳಿತು ಆನೆ, ಕಾಟಿಗಳನ್ನು ನೋಡಿದ ನಿರೀಕ್ಷೆಯನ್ನು ಊರಲ್ಲೇ ಬಿಟ್ಟು ಹೋಗಿ. ಕುಡಿಯುವ ನೀರಿಗಾಗಿ 1868ರ ಹೊತ್ತಿಗೆ ಕಟ್ಟಿ ಮುಗಿಸಿದ ಈ ಜಲಾಶಯ ಸಿಂಗಪುರದಲ್ಲೇ ಅತ್ಯಂತ ಹಳೆಯದು. ಚರ್ಮ ಹದ ಮಾಡಲು ಬಳಸುವ ಗ್ಯಾಂಬಿಯರ್ ಮತ್ತು ಕಾಳುಮೆಣಸಿನ ತೋಟಗಳಿಗಾಗಿ ದ್ವೀಪದ ಬಹುಪಾಲು ಕಾಡು ನೆಲಕ್ಕುರುಳಿದ ಶತಮಾನದಲ್ಲಿ, ಜಲಾನಯನ ಪ್ರದೇಶವೆಂಬ ಕಾರಣಕ್ಕೆ ಇಲ್ಲಿನ ಮರಗಳಿಗೆ ರಕ್ಷಣೆ ದೊರೆಯಿತು. ಹಾಗಾಗಿ ಮೂಲ ಮಳೆಕಾಡಿನ ತುಣುಕುಗಳೂ, ತೋಟಗಳು ಪಾಳುಬಿದ್ದ ಮೇಲೆ ಮತ್ತೆ ಬೆಳೆದ ಕಾಡೂ ಇಂದು ಅಕ್ಕಪಕ್ಕದಲ್ಲಿವೆ.

ಇಲ್ಲಿ ನೋಡಬೇಕಾದದ್ದು ಮರದ ಕಾಂಡಗಳನ್ನು. ಅಡಿಕೆ ತೋಟದಲ್ಲಿ ಹಾರುವ ಓತಿಯನ್ನು ಕಂಡವರಿಗೆ ಅದರ ಬಳಗದ ಜೀವಿಗಳು ಇಲ್ಲಿಯೂ ಸಿಗುತ್ತವೆ: ತೊಗಟೆಯ ಬಣ್ಣದಲ್ಲಿ ಕರಗಿಹೋಗಿರುವ ಓತಿ, ಗಂಡಾಗಿದ್ದರೆ, ಗಂಟಲಿನ ಹಳದಿ ಚೀಲವನ್ನು ಚಕ್ಕನೆ ಚಾಚಿ ಮಡಚುತ್ತದೆ, ಕಣ್ಣಿಗೆ ಮೊದಲು ಬೀಳುವುದು ಆ ಹಳದಿಯೇ. ನಮ್ಮಲ್ಲಿಲ್ಲದ ಪ್ರಾಣಿಯೆಂದರೆ ಕೊಲೂಗೊ. ಕತ್ತಿನಿಂದ ಬೆರಳ ತುದಿಗಳವರೆಗೆ, ಅಲ್ಲಿಂದ ಬಾಲದ ತುದಿಯವರೆಗೆ ಹಬ್ಬಿದ ಚರ್ಮದ ಹಾಳೆಯಿಂದ ರಾತ್ರಿ ಮರದಿಂದ ಮರಕ್ಕೆ ತೇಲುವ ಇದು ಹಗಲಿನಲ್ಲಿ ಕಾಂಡಕ್ಕೆ ಅಂಟಿಕೊಂಡು ಅಲುಗಾಡದೆ ಇರುತ್ತದೆ. ನೋಡಲು ಮಲೆನಾಡಿನ ಹಾರುಬೆಕ್ಕಿನಂತೆ ಕಂಡರೂ ಇದು ಅಳಿಲಿನ ಜಾತಿಯಲ್ಲ. ಹತ್ತಿರದ ನಂಟು ಕೋತಿಗಳ ಕಡೆಗೆ. ಹಕ್ಕಿಗಳ ಪೈಕಿ ಭೀಮರಾಜ ನಿಮಗೆ ಪರಿಚಿತನೇ, ನಮ್ಮ ಕಾಡಿನ ಅದೇ ಪ್ರಭೇದ. ದಂಡೆಯಲ್ಲಿ ನಾಲಗೆ ಚಾಚುತ್ತ ಈಜುವ ದೊಡ್ಡ ಉಡಗಳು ಸಿಗುತ್ತವೆ. ಕಿವಿಯ ಬಳಿ ಕೆಂಪು ಪಟ್ಟೆಯಿರುವ ಆಮೆಗಳು ಮಾತ್ರ ಅಲ್ಲಿನವಲ್ಲ. ಸಾಕಿ ಬೇಸತ್ತವರು ತಂದು ಬಿಟ್ಟ ಅಮೆರಿಕದ ಆಮೆಗಳವು.

ಇನ್ನು ಸೇತುವೆಯ ವಿಚಾರ. 2004ರಲ್ಲಿ ತೆರೆದ 250 ಮೀಟರ್ ಉದ್ದದ ಟ್ರೀಟಾಪ್ ವಾಕ್, ಕಾಡಿನ ಮೇಲ್ಚಾವಣಿಯನ್ನು ಮೇಲಿನಿಂದ ತೋರಿಸುತ್ತದೆ ನಿಜ, ಆದರೆ ಅಲ್ಲಿ ಒಂದೇ ದಿಕ್ಕಿನಲ್ಲಿ ನಡೆಯಬೇಕು, ದಾಟಿದ ಮೇಲೆ ಮೆಟ್ಟಿಲುಗಳ ಸಾಲಿದೆ, ಜಲಾಶಯದ ಕಡೆಯಿಂದ ಹೋಗಿಬರಲು ಹತ್ತು ಕಿಲೋಮೀಟರಿನ ಆಸುಪಾಸು ನಡೆಯಬೇಕು. ನಿಮ್ಮ ಮಂಡಿಗೆ ಇದು ಬೇಡ. ನನ್ನ ದೃಷ್ಟಿಯಲ್ಲಿ ಪ್ರಾಣಿ ನೋಡುವವರಿಗೂ ಅದು ಅಂಥ ಜಾಗವಲ್ಲ. ವಾರಾಂತ್ಯದಲ್ಲಿ ಸೇತುವೆಯ ಮೇಲೆ ಕಾಣುವುದು ಹೆಚ್ಚಾಗಿ ಮುಂದಿನವರ ಬೆನ್ನು. ನೀರಿನಂಚಿನಲ್ಲೇ ಸಾಗುವ ಪ್ರೂನಸ್ ಮತ್ತು ಪೆಟಾಯ್ ಹಲಗೆದಾರಿಗಳಲ್ಲಿ ನಿಧಾನವಾಗಿ ನಡೆದು, ನಿಂತು ನೋಡಿದರೆ ಹೆಚ್ಚು ಸಿಗುತ್ತದೆ. ಸೇತುವೆ ನೋಡಲೇಬೇಕೆನ್ನುವ ಮನೆಯವರು ವೀನಸ್ ಡ್ರೈವ್ ಕಡೆಯಿಂದ ಹೋಗಲಿ, ದೂರ ಕಡಿಮೆ. ಸೋಮವಾರ ಅದು ಸಾಮಾನ್ಯವಾಗಿ ಮುಚ್ಚಿರುತ್ತದೆ.

ಪ್ರಶ್ನೆ: ಅಲ್ಲಿ ಕೋತಿಗಳಿಗೆ ಬಾಳೆಹಣ್ಣು ಕೊಟ್ಟರೂ ದಂಡವಂತೆ. ಇದು ಅತಿಯಾಯಿತಲ್ಲವೇ?
— ಓದುಗರು, ಧಾರವಾಡ

ಉತ್ತರ: ಅತಿಯಲ್ಲ. ಕಾಡುಪ್ರಾಣಿಗಳಿಗೆ ತಿನಿಸು ಹಾಕುವುದು ಸಿಂಗಪುರದಲ್ಲಿ ಅಪರಾಧ; ಮೊದಲ ಸಲಕ್ಕೆ 5,000 ಡಾಲರ್‌ವರೆಗೆ, ಮತ್ತೆ ಮಾಡಿದರೆ 10,000 ಡಾಲರ್‌ವರೆಗೆ ದಂಡ ಬೀಳಬಹುದು. ಉದ್ದಬಾಲದ ಈ ಕೋತಿಗಳು ಕಾಡಿನ ಹಣ್ಣು ತಿಂದು ಬೀಜ ಹರಡುವಂಥವು. ಕೈಯಿಂದ ತಿನ್ನುವ ರೂಢಿ ಬಿದ್ದರೆ ಕಾಡು ಬಿಟ್ಟು ರಸ್ತೆಗೂ ಮನೆಗಳಿಗೂ ಬರುತ್ತವೆ. ಪ್ಲಾಸ್ಟಿಕ್ ಚೀಲ ಕಂಡರೆ ತಿನಿಸೆಂದೇ ತಿಳಿದು ಎಳೆಯುತ್ತವೆ. ಆದ್ದರಿಂದ ಚೀಲವನ್ನು ಬೆನ್ನಚೀಲದೊಳಗೆ ಹಾಕಿ ಜಿಪ್ ಎಳೆದುಕೊಳ್ಳಿ, ಎದುರಾದ ಕೋತಿಯನ್ನು ದಿಟ್ಟಿಸದೆ ಮುಂದೆ ಸಾಗಿ.

ಪ್ರಶ್ನೆ: ಹೋಗಲು ಯಾವ ಹೊತ್ತು ಒಳ್ಳೆಯದು?
— ಓದುಗರು, ಮೈಸೂರು

ಉತ್ತರ: ಅಲ್ಲಿ ಸೂರ್ಯೋದಯ ಏಳು ಗಂಟೆಯ ಆಸುಪಾಸು, ಬೆಳಕಾಗುತ್ತಿದ್ದಂತೆ ಹೊರಡಿ. ಡಿಸೆಂಬರ್‌ನಲ್ಲಿ ಈಶಾನ್ಯ ಮಳೆಗಾಲವಿದ್ದು, ಮಧ್ಯಾಹ್ನದ ಮೇಲೆ ಗುಡುಗುಮಳೆ ಸಾಮಾನ್ಯ. ಮಿಂಚು ಕಂಡರೆ ನೀರಿನಂಚನ್ನು ಬಿಟ್ಟು ಸೂರಿನಡಿ ಸೇರಿಕೊಳ್ಳಿ.