ಪ್ಲಾಟಿನಂ ನಾಣ್ಯ ಈಗಲೇ ಬೇಡ, ತಮ್ಮಾ

ತಮ್ಮಾ, ನೀನು ಬರೆದದ್ದು ಓದಿದೆ. ಇಳಕಲ್ಲಿನಿಂದ ಬರ್ಮಿಂಗ್‌ಹ್ಯಾಮಿಗೆ ಬಂದು ನಾಲ್ಕು ತಿಂಗಳಾಯಿತು, ಕೈಯಲ್ಲಿ ಒಂದಿಷ್ಟು ಉಳಿದಿದೆ, ಜೊತೆಗೆ ಕೆಲಸ ಮಾಡುವವರು ಪ್ಲಾಟಿನಂ ನಾಣ್ಯ ತಗೋ ಅನ್ನುತ್ತಿದ್ದಾರೆ, ತಗೊಳ್ಳಲಾ ಅಕ್ಕಾ ಅಂತ ಕೇಳಿದ್ದೀಯ. ನಾನು ಜಮಖಂಡಿಯವಳು. ಇಲ್ಲಿಗೆ ಬಂದು ಹದಿನಾರು ವರ್ಷ ಆಯಿತು. ಈಗಲೇ ತಗೋಬೇಡ.

ಮೊದಲು ವ್ಯಾಟ್, ಅಂದರೆ ಕೊಳ್ಳುವಾಗ ಬೆಲೆಯ ಮೇಲೆ ಬೀಳುವ ತೆರಿಗೆ, ನೋಡು. ಇಲ್ಲಿ ಬ್ರಿಟನ್ನಿನಲ್ಲಿ ಹೂಡಿಕೆಗೆ ಕೊಳ್ಳುವ ಬಂಗಾರದ ನಾಣ್ಯಕ್ಕೆ ವ್ಯಾಟ್ ಇಲ್ಲ. ಪ್ಲಾಟಿನಂ ನಾಣ್ಯಕ್ಕೆ 20 ಪರ್ಸೆಂಟ್ ಇದೆ. 1,000 ಪೌಂಡಿನ ನಾಣ್ಯಕ್ಕೆ ನೀನು 1,200 ಕೊಡಬೇಕು. ಮಾರುವಾಗ ಆ 200 ನಿನಗೆ ತಿರುಗಿ ಬರುವುದಿಲ್ಲ. ಅಂದರೆ ರೇಟು 20 ಪರ್ಸೆಂಟ್ ಏರಿದರೂ ನಿನ್ನ ದುಡ್ಡು ನಿನಗೆ ಬಂತು, ಅಷ್ಟೇ. ಇಲ್ಲಿನ ಸರಕಾರಿ ಟಂಕಸಾಲೆಯ ಬ್ರಿಟಾನಿಯಾ ನಾಣ್ಯ ಮಾರಿ ಬಂದ ಲಾಭಕ್ಕೆ ತೆರಿಗೆ ಇಲ್ಲ ಅಂತ ನಿನ್ನ ಗೆಳೆಯರು ಹೇಳಿದ್ದು ನಿಜ. ಆದರೆ ಬಂಗಾರದ ಬ್ರಿಟಾನಿಯಾಕ್ಕೂ ಆ ತೆರಿಗೆ ಇಲ್ಲ, ಅಲ್ವಾ?

2019ರಲ್ಲಿ ನಾನೂ ಒಂದು ಔನ್ಸಿನ ನಾಣ್ಯ ಕೊಂಡಿದ್ದೆ. 31 ಗ್ರಾಂ, ನಮ್ಮ ಲೆಕ್ಕದಲ್ಲಿ ಮೂರು ತೊಲದ ಹತ್ತಿರ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ನಮ್ಮ ಮನೆಯವರ ಕೆಲಸ ನಿಂತಿತು. ಬಾಡಿಗೆ ಕಟ್ಟಲು ನಾಣ್ಯ ಮಾರಲು ಹೋದರೆ, ಅದೇ ವಾರ ರೇಟು ಕುಸಿದು ಕೂತಿತ್ತು. ಕೊಟ್ಟಿದ್ದರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೋಯಿತು. ಆ ರಾತ್ರಿ ಅವ್ವನಿಗೆ ಫೋನ್ ಮಾಡಿ ಅತ್ತಿದ್ದೆ.

ಪ್ಲಾಟಿನಂ ರೇಟು ಹೀಗೆ ಹೊಯ್ದಾಡುವುದಕ್ಕೆ ಕಾರಣ ಇದೆ. ಇದರ ದೊಡ್ಡ ಗಿರಾಕಿ ವಾಹನಗಳ ಕಾರ್ಖಾನೆ. ಹೊಗೆ ಶುದ್ಧ ಮಾಡುವ ಭಾಗಕ್ಕೆ, ಅದರಲ್ಲೂ ಡೀಸೆಲ್ ಗಾಡಿಗೆ, ಇದು ಬೇಕು. ಗಣಿಯಿಂದ ಬರುವುದರಲ್ಲಿ ಸುಮಾರು 70 ಪರ್ಸೆಂಟ್ ದಕ್ಷಿಣ ಆಫ್ರಿಕಾ ಒಂದರಿಂದಲೇ. ಅಲ್ಲಿ ಗಣಿ ನಿಂತರೆ ರೇಟು ಏರುತ್ತದೆ, ಕಾರು ಮಾರಾಟ ಬಿದ್ದರೆ ಇಳಿಯುತ್ತದೆ. 2008ರ ಮಾರ್ಚಿನಲ್ಲಿ ಔನ್ಸಿಗೆ 2,200 ಡಾಲರ್ ದಾಟಿತ್ತು. ಅದೇ ವರ್ಷದ ಕೊನೆಗೆ ಅರ್ಧಕ್ಕಿಂತ ಕೆಳಗೆ ಬಂತು. 2025ರಲ್ಲಿ ಮತ್ತೆ ಜೋರಾಗಿ ಏರಿತು. ಗೆಳೆಯರು ಹೇಳುತ್ತಿರುವುದು ಆ ಒಂದು ವರ್ಷದ ಕಥೆ.

ಇನ್ನು ಊರಿನ ಮಾತು. ನಾವು ಎಲ್ಲೇ ಇದ್ದರೂ ಕಷ್ಟ ಬರುವುದು ಅಲ್ಲಿಂದ. ಅಪ್ಪನಿಗೆ ಆಪರೇಷನ್, ತಂಗಿಯ ಮದುವೆ, ಬೋರ್‌ವೆಲ್. ಅವ್ವನ ಬಂಗಾರದ ಪಾಟಲಿ ಪತ್ತಿನ ಸಂಘದಲ್ಲಿ ಗಿರವಿ ಇಟ್ಟರೆ ಸಂಜೆಯೊಳಗೆ ದುಡ್ಡು ಸಿಗುತ್ತದೆ. ಪ್ಲಾಟಿನಂ ನಾಣ್ಯದ ಮೇಲೆ ಸಾಲ ಕೊಡುವ ಸಂಘ ನಾನು ನಮ್ಮ ಕಡೆ ಕಂಡಿಲ್ಲ. ನಮ್ಮ ಪತ್ತಾರರು ಬಂಗಾರ ಕರಗಿಸುವ ಬೆಂಕಿಗೆ ಅದು ಕರಗುವುದೂ ಇಲ್ಲ. ಬಂಗಾರ 1,064 ಡಿಗ್ರಿಗೆ ಕರಗಿದರೆ ಇದಕ್ಕೆ 1,768 ಡಿಗ್ರಿ ಬೇಕು. ಕರಗಿಸಿ ನೋಡಲು ಆಗದ ಲೋಹಕ್ಕೆ ಅವರು ಧೈರ್ಯವಾಗಿ ಬೆಲೆ ಕಟ್ಟುವುದು ಹೇಗೆ? ಊರಿಗೆ ತರುವಾಗಲೂ ನೆನಪಿಡು, ಒಡವೆಗೆ ಅಂತ ಒಂದು ಸುಂಕದ ರಿಯಾಯಿತಿ ಇದೆ. ನಾಣ್ಯಕ್ಕೆ ಆ ರಿಯಾಯಿತಿ ಇಲ್ಲ.

ಸದ್ಯಕ್ಕೆ ಮೂರು ತಿಂಗಳ ಬಾಡಿಗೆ, ಇಲ್ಲಿನ ನಗರಸಭೆಗೆ ಕಟ್ಟುವ ಕೌನ್ಸಿಲ್ ಟ್ಯಾಕ್ಸ್, ಊರಿಗೆ ಹೋಗಿಬರುವ ಟಿಕೆಟ್ಟಿನ ದುಡ್ಡು ಬ್ಯಾಂಕಿನಲ್ಲಿ ಸುಮ್ನೆ ಇರಲಿ. ಅದನ್ನು ಮುಟ್ಟಬೇಡ. ಐದಾರು ವರ್ಷದ ಮೇಲೆ, ಹತ್ತು ವರ್ಷ ಬೇಕಾಗದ ದುಡ್ಡು ಉಳಿದರೆ, ಆಗ ಒಂದು ನಾಣ್ಯ ತಗೋ. ನೋಡೋಕೆ ಚೆಂದ ಇರುತ್ತದೆ, ಅದನ್ನು ನಾನು ಇಲ್ಲ ಅನ್ನುವುದಿಲ್ಲ.

ಅಂಗಡಿಯವರು ಕೊಟ್ಟ ರೇಟಿನ ಚೀಟಿ ಇದೆ ಅಂದಿದ್ದೀಯಲ್ಲ, ಅದರ ಫೋಟೋ ಕಳಿಸು. ವ್ಯಾಟ್ ಸೇರಿಸಿ ಹೇಳಿದ್ದಾರಾ, ಬಿಟ್ಟು ಹೇಳಿದ್ದಾರಾ ಅಂತ ನೋಡಿ ಹೇಳುತ್ತೇನೆ.