ಸಾಕ್ಷಿ ಹೇಳಿದ ಮೇಲೂ ಕುಡಿತ ಬಿಡದ ಮೈದುನ

ಪ್ರಶ್ನೆ: ನನ್ನ ಮೈದುನ ಪ್ರತಿ ವರ್ಷ ಧ್ಯಾನಕೂಟಕ್ಕೆ ಹೋಗಿ, ಯೇಸು ತನ್ನನ್ನು ಬದಲಾಯಿಸಿದ್ದಾರೆಂದು ಎಲ್ಲರೆದುರು ಸಾಕ್ಷಿ ಹೇಳುತ್ತಾನೆ. ತಿಂಗಳು ತುಂಬುವುದರೊಳಗೆ ಮತ್ತೆ ಕುಡಿತ. ಓರಗಿತ್ತಿಯ ಬಳೆ ಅಡವಿಗೆ ಹೋಗಿದೆ. ನನ್ನ ಬಾಣಂತನಕ್ಕೆ ನಿಂತ ಪಕ್ಕದ ಮನೆಯ ಅಮ್ಮ ಹಿಂದೂ, ಚರ್ಚಿನ ಮೆಟ್ಟಿಲು ಹತ್ತಿದವರಲ್ಲ. ಮೈದುನನಿಗೆ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಉಂಟು, ಆ ಅಮ್ಮನಿಗಿಲ್ಲ ಎನ್ನುತ್ತಾರೆ ನಮ್ಮ ಪಾಸ್ಟರ್. ನಂಬಿಕೆ ನಿಜಕ್ಕೂ ಮನುಷ್ಯನನ್ನು ಬದಲಿಸುತ್ತದೆಯೇ?
– ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ಬದಲಿಸುತ್ತದೆ. ಆದರೆ ಸಾಕ್ಷಿ ಹೇಳುವವರು ಒಪ್ಪಿಕೊಳ್ಳುವುದಕ್ಕಿಂತ ಬಹಳ ನಿಧಾನವಾಗಿ.

ಇಂಗ್ಲಿಷ್ ನಾವಿಕ ಜಾನ್ ನ್ಯೂಟನ್‌ನನ್ನೇ ನೋಡಿ. 1748ರ ಮಾರ್ಚ್‌ನಲ್ಲಿ ಅಟ್ಲಾಂಟಿಕ್ ಬಿರುಗಾಳಿಗೆ ಸಿಕ್ಕ ಹಡಗಿನೊಳಗೆ ನೀರು ನುಗ್ಗಿದಾಗ ಅವನು ದೇವರಿಗೆ ಮೊರೆಯಿಟ್ಟ. ಕೂಟಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಅದೇ ನ್ಯೂಟನ್ 1750ರಿಂದ 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾಗಿದ್ದ! ಮೇಲೆ ಪ್ರಾರ್ಥನೆ, ಕೆಳಗೆ ಸಂಕೋಲೆ ತೊಟ್ಟ ಆಫ್ರಿಕನ್ನರು. ಆ ಕಸುಬು ಬಿಟ್ಟದ್ದೂ ಮನಸ್ಸಾಕ್ಷಿ ಚುಚ್ಚಿದ್ದಕ್ಕಲ್ಲ, ಆರೋಗ್ಯ ಕೆಟ್ಟದ್ದಕ್ಕೆ. 1764ರಲ್ಲಿ ಪಾದ್ರಿಯಾದ. ಗುಲಾಮ ವ್ಯಾಪಾರದ ವಿರುದ್ಧ ಪುಸ್ತಿಕೆ ಬರೆದು ನಾಚಿಕೆಯಿಂದ ತಲೆತಗ್ಗಿಸಿದ್ದು 1788ರಲ್ಲಿ, ಬಿರುಗಾಳಿ ಕಳೆದು ನಲವತ್ತು ವರ್ಷಗಳಾದ ಮೇಲೆ. ಹಡಗಿನ ತಳದಲ್ಲಿ ಆ ಜನರನ್ನು ಕಪಾಟಿನ ಪುಸ್ತಕಗಳಂತೆ ಒತ್ತೊತ್ತಾಗಿ ಮಲಗಿಸುತ್ತಿದ್ದುದನ್ನು ಅವನೇ ಅದರಲ್ಲಿ ಬರೆದಿದ್ದಾನೆ.

ಇದು ಮೈದುನನಿಗೆ ಕೊಡುವ ರಿಯಾಯಿತಿಯಲ್ಲ. ಬೈಬಲಿನ ಲೂಕ 19ನೇ ಅಧ್ಯಾಯದ ಸುಂಕ ವಸೂಲಿಗಾರ ಜಕ್ಕಾಯ, ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಅನ್ಯಾಯವಾಗಿ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ ಮೇಲೆಯೇ ಯೇಸು ಆ ಮನೆಗೆ ರಕ್ಷಣೆ ಬಂತೆಂದರು. ನಿಮ್ಮ ಮೈದುನ ಮುಂದಿನ ಸಾಕ್ಷಿಗೆ ಮೊದಲು ಬಳೆ ಬಿಡಿಸಿಕೊಂಡು ಬರಲಿ. ಕುಡಿತದ ಚಟ ಕಾಯಿಲೆಯೂ ಹೌದು, ವೈದ್ಯರಿಗೆ ತೋರಿಸಿ. ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವುದುಂಟು. ಧ್ಯಾನಕೂಟ ನಡೆಸುವವರಿಗೂ ಇದು ತಿಳಿದಿರಬೇಕು.

ಇನ್ನು ರಕ್ಷಣೆ. ಅದು ಕೃಪೆಯಿಂದ, ಕ್ರಿಯೆಗಳಿಂದಲ್ಲ ಎನ್ನುತ್ತದೆ ಎಫೆಸದವರಿಗೆ ಬರೆದ ಪತ್ರ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎನ್ನುತ್ತಾನೆ ಬೈಬಲಿನದೇ ಇನ್ನೊಂದು ಪತ್ರದಲ್ಲಿ ಯಾಕೋಬ. ಹದಿನಾರನೇ ಶತಮಾನದ ಸಭಾ ಸುಧಾರಕ ಮಾರ್ಟಿನ್ ಲೂಥರ್ ಕಾಲದ ಈ ಜಗಳದ ಬಗ್ಗೆ ಲೂಥರನ್ನರೂ ಕ್ಯಾಥೊಲಿಕರೂ 1999ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದರು: ದೇವರು ಮನುಷ್ಯನನ್ನು ಸ್ವೀಕರಿಸುವುದು ಕೃಪೆಯಿಂದ ಮಾತ್ರ, ಸತ್ಕ್ರಿಯೆ ಅದರ ಫಲ.

ಪಕ್ಕದ ಮನೆಯ ಅಮ್ಮನ ವಿಷಯದಲ್ಲಿ ಸಭೆಗಳಲ್ಲೇ ಒಮ್ಮತವಿಲ್ಲ. ನಿಮ್ಮ ಪಾಸ್ಟರ್ ಯೋಹಾನ 14:6ನ್ನು, ಅಂದರೆ ತನ್ನ ಮೂಲಕವಲ್ಲದೆ ಯಾರೂ ತಂದೆಯ ಬಳಿಗೆ ಬರುವುದಿಲ್ಲವೆಂಬ ಯೇಸುವಿನ ಮಾತನ್ನು, ಹಿಡಿದು ಮಾತನಾಡುತ್ತಿರಬೇಕು. ಹಲವು ಸಭೆಗಳ ಬೋಧನೆ ಅದೇ. ಆದರೆ ತಮ್ಮದಲ್ಲದ ತಪ್ಪಿನಿಂದ ಸುವಾರ್ತೆಯನ್ನು ಅರಿಯದೆ, ಪ್ರಾಮಾಣಿಕವಾಗಿ ದೇವರನ್ನು ಅರಸುತ್ತ ಮನಸ್ಸಾಕ್ಷಿಯಂತೆ ನಡೆಯುವವರೂ ರಕ್ಷಣೆ ಹೊಂದಬಹುದೆಂದು ಕ್ಯಾಥೊಲಿಕ್ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಹೇಳಿತು. ನಾನು ಈ ಪಕ್ಷದವನು. ಮತ್ತಾಯ 25ರಲ್ಲಿ ಹಸಿದವರಿಗೆ ಉಣಬಡಿಸಿದವರಿಗೆ ತಾವು ಉಣಬಡಿಸಿದ್ದು ಯೇಸುವಿಗೇ ಎಂಬುದು ಗೊತ್ತಿರಲಿಲ್ಲ. ಆ ಅಧ್ಯಾಯವನ್ನು ಪಾಸ್ಟರ್ ಮುಂದಿಟ್ಟು, ಬಾಣಂತನದ ಸಂಗತಿಯನ್ನೂ ಹೇಳಿ ಕೇಳಿ ನೋಡಿ.