ಚಳ್ಳಕೆರೆ ಯಾಕೆ ಕೆಂಪಾಯಿತು?

ಪ್ರಿಯ ಲೇಖಕರೇ,

ಮಳೆಯ ಅಂಕಿಅಂಶಕ್ಕೆ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಲೈಬ್ರರಿಯಿಂದ ಕಂಬದ ಚಿತ್ರ ಬರೆಯುವ ಪೈಥಾನ್ ಫಂಕ್ಷನ್ ಬಗ್ಗೆ ನೀವು ಕಳಿಸಿದ ಲೇಖನ ತಲುಪಿತು. ಭಾಷೆ ಸರಾಗವಾಗಿದೆ, ಆಗುಂಬೆ ಮತ್ತು ಚಳ್ಳಕೆರೆಯನ್ನು ಅಕ್ಕಪಕ್ಕ ಇಟ್ಟದ್ದು ಒಳ್ಳೆಯ ಆಯ್ಕೆ. ಹೊಗಳಿಕೆ ಇಷ್ಟು ಸಾಕು. ಕೊನೆಯ ಪುಟದಲ್ಲಿ ಬರೆದಿದ್ದೀರಿ: ‘ಕೆಲವೊಮ್ಮೆ ಬಣ್ಣ ತಪ್ಪಾಗಿ ಬರುತ್ತದೆ. ಇದು ಮ್ಯಾಟ್‌ಪ್ಲಾಟ್‌ಲಿಬ್‌ನ ದೋಷವಿರಬೇಕು, ಕರ್ನಲ್ (ಕೋಡ್ ಓಡಿಸುವ ಪೈಥಾನ್ ಪ್ರಕ್ರಿಯೆ) ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ.’ ಓದಿ ಸಿಟ್ಟೇ ಬಂತು.

ದೋಷ ನಿಮ್ಮ ಮೊದಲ ಸಾಲಿನಲ್ಲೇ ಇದೆ ಸ್ವಾಮಿ. ಅಲ್ಲಿ ‘ಸ್ಟೈಲ್={}’ ಎಂದು ಖಾಲಿ ಡಿಕ್ಷನರಿಯನ್ನು, ಅಂದರೆ ಹೆಸರು-ಬೆಲೆ ಜೋಡಿಗಳನ್ನಿಡುವ ಪೆಟ್ಟಿಗೆಯನ್ನು, ಡೀಫಾಲ್ಟ್ ಆಗಿ (ಕರೆಯುವವನು ಏನೂ ಕೊಡದಿದ್ದಾಗ ಬಳಸಲು) ಕೊಟ್ಟಿದ್ದೀರಿ. ಫಂಕ್ಷನ್ ಕರೆದಾಗಲೆಲ್ಲ ಪೈಥಾನ್ ಹೊಸ ಡಿಕ್ಷನರಿ ಮಾಡಿಕೊಡುವುದಿಲ್ಲ. ಫಂಕ್ಷನ್ ಹುಟ್ಟಿಸುವ ‘ಡೆಫ್’ ಸಾಲು ಓಡಿದಾಗ ಒಂದೇ ಸಲ ಮಾಡಿ, ಅದನ್ನೇ ಕೊನೆತನಕ ಬಳಸುತ್ತದೆ. ಆರನೇ ಸಾಲಿಗೆ ಬನ್ನಿ: ಯಾವುದಾದರೂ ತಿಂಗಳ ಮಳೆ 500 ಮಿ.ಮೀ. ದಾಟಿದರೆ ಸ್ಟೈಲ್‌ನೊಳಗೆ ಕೆಂಪು ಬಣ್ಣ ತುಂಬುತ್ತೀರಿ. ಆಗುಂಬೆಯ ಜುಲೈ ಅದನ್ನು ಸಲೀಸಾಗಿ ದಾಟುತ್ತದೆ. ಆ ಕೆಂಪು ಡಿಕ್ಷನರಿಯಲ್ಲೇ ಉಳಿಯಿತು. ಮುಂದಿನ ಸಾಲಿನಲ್ಲಿ ಚಳ್ಳಕೆರೆಗೆ ಕರೆದಾಗ, ಅಲ್ಲಿ ಯಾವ ತಿಂಗಳೂ 500ರ ಹತ್ತಿರ ಸುಳಿಯದಿದ್ದರೂ, ಕಂಬಗಳೆಲ್ಲ ಕೆಂಪು. ರೀಸ್ಟಾರ್ಟ್ ಮಾಡಿ ಮೊದಲು ಚಳ್ಳಕೆರೆ, ಆಮೇಲೆ ಆಗುಂಬೆ ಎಂದು ಕರೆದು ನೋಡಿ, ಎಲ್ಲ ಸರಿ ಬರುತ್ತದೆ. ನಿಮ್ಮ ‘ಕೆಲವೊಮ್ಮೆ’ಯ ಗುಟ್ಟು ಇಷ್ಟೇ. ರೀಸ್ಟಾರ್ಟ್ ಮಾಡಿದರೆ ‘ಡೆಫ್’ ಮತ್ತೆ ಓಡಿ ಡಿಕ್ಷನರಿ ಖಾಲಿಯಾಗುತ್ತದೆ, ಅದಕ್ಕೇ ವಾಸಿಯಾದ ಹಾಗೆ ಕಾಣುತ್ತದೆ.

ಡೀಫಾಲ್ಟ್ ಅನ್ನು ‘ನನ್’ (None, ಅಂದರೆ ಏನೂ ಇಲ್ಲ) ಮಾಡಿ, ಒಳಗೆ ‘ಸ್ಟೈಲ್ = ಡಿಕ್ಟ್(ಸ್ಟೈಲ್ ಆರ್ {})’ ಎಂದು ಪ್ರತಿ ತೆಗೆದುಕೊಳ್ಳಿ. ಪ್ರತಿ ತೆಗೆಯದಿದ್ದರೆ ಕರೆದವನು ಕೊಟ್ಟ ಡಿಕ್ಷನರಿಯನ್ನೇ ಕೆಡಿಸುತ್ತೀರಿ. ಇನ್ನೂ ಚೊಕ್ಕ ದಾರಿ ಎರಡು ನಕ್ಷತ್ರದ ‘ಕ್ವಾರ್ಗ್ಸ್’ (**kwargs): ಕರೆದವನು ಹೆಸರಿಟ್ಟು ಕಳಿಸಿದ ಉಳಿದ ಬೆಲೆಗಳನ್ನೆಲ್ಲ ಕೂಡಿಸಿದ ಡಿಕ್ಷನರಿ. ಅದು ಪ್ರತಿ ಕರೆಗೂ ಹೊಸದು. ಆದರೆ ಕಂಬ ಬರೆಯುವ ‘ಬಾರ್’ ಕರೆಯುವಲ್ಲಿ ‘ಕಲರ್’ ಬರೆದು, ಪಕ್ಕದಲ್ಲೇ ಕ್ವಾರ್ಗ್ಸ್ ಬಿಚ್ಚಿದರೆ, ಓದುಗ ತನ್ನ ಬಣ್ಣ ಕಳಿಸಿದ ದಿನ ಒಂದೇ ಹೆಸರಿಗೆ ಎರಡು ಬೆಲೆ ಎಂದು ಟೈಪ್‌ಎರರ್ ಬರುತ್ತದೆ. ಮೊದಲು ‘ಕ್ವಾರ್ಗ್ಸ್.ಸೆಟ್‌ಡೀಫಾಲ್ಟ್’ನಲ್ಲಿ ಬಣ್ಣ ಇಡಿ; ಅವನು ಕೊಟ್ಟಿದ್ದರೆ ಅವನದು, ಇಲ್ಲವಾದರೆ ನಿಮ್ಮದು.

ಎರಡನೆಯ ತಕರಾರು ಕೊನೆಯ ಸಾಲಿನ ‘ಪಿಎಲ್‌ಟಿ.ಶೋ()’ ಮೇಲೆ. ಕಲಿಯುವಾಗ ನಾನೂ ಅದನ್ನು ಒಳಗೇ ಇಟ್ಟವನು. ಪರದೆ ಮೇಲೆ ಚಿತ್ರ ಮೂಡಿತೆಂದರೆ ಗೆದ್ದಂತೆ. ಆದರೆ ನೀವು ಮುಂದೆ ‘ಪಿಎಲ್‌ಟಿ.ಸೇವ್‌ಫಿಗ್ ಕರೆದು ಉಳಿಸಿಕೊಳ್ಳಿ’ ಎಂದೂ ಹೇಳಿದ್ದೀರಿ. ಮಾಡಿ ನೋಡಿದ್ದೀರಾ? ಸ್ಕ್ರಿಪ್ಟ್ ಆಗಿ ಓಡಿಸಿದರೆ ಕಿಟಕಿ ಮುಚ್ಚಿದೊಡನೆ ಆ ಚಿತ್ರ ಹೋಯಿತು. ಸೇವ್‌ಫಿಗ್‌ಗೆ ಏನೂ ಸಿಗದೆ ಹೊಸ ಖಾಲಿ ಹಾಳೆ ತೆರೆದು ಅದನ್ನೇ ಉಳಿಸುತ್ತದೆ: 6.4 ಗುಣಿಸು 4.8 ಇಂಚು, ಇಂಚಿಗೆ 100 ಚುಕ್ಕೆ, ಒಟ್ಟು 640×480ರ ಅಪ್ಪಟ ಬಿಳಿ ಆಯತ. ನಿಮ್ಮ ಓದುಗ ಅರ್ಧ ದಿನ ತಲೆ ಕೆರೆದುಕೊಳ್ಳುತ್ತಾನೆ.

ಒಳಗಿನ ‘ಸಬ್‌ಪ್ಲಾಟ್ಸ್’ ಕೂಡ ಹೊರಗೆ ಹೋಗಲಿ. ಹಾಳೆಯನ್ನು ಫಂಕ್ಷನ್ನೇ ತೆರೆದರೆ ಎರಡು ಊರನ್ನು ಒಂದೇ ಹಾಳೆಯಲ್ಲಿ ಕೂರಿಸುವುದು ಹೇಗೆ? ಕರೆಯುವವನು ‘ಸಬ್‌ಪ್ಲಾಟ್ಸ್(1, 2, ಶೇರ್‌ವೈ=ಟ್ರೂ)’ ಎಂದು ಎರಡು ಆಕ್ಸ್ (ಹಾಳೆಯೊಳಗಿನ ಚಿತ್ರದ ಚೌಕಟ್ಟು) ತೆರೆಯಲಿ; ಫಂಕ್ಷನ್ ಮೊದಲ ಆರ್ಗ್ಯುಮೆಂಟಾಗಿ ಆಕ್ಸ್ ಪಡೆದು, ಅದರ ಮೇಲೆ ಕಂಬ ನಿಲ್ಲಿಸಿ, ‘ಬಾರ್’ ಕೊಟ್ಟದ್ದನ್ನು ರಿಟರ್ನ್ ಮಾಡಲಿ. ಮ್ಯಾಟ್‌ಪ್ಲಾಟ್‌ಲಿಬ್‌ನ ಸ್ವಂತ ಕೈಪಿಡಿಯ ಮಾದರಿ ಫಂಕ್ಷನ್ನೂ ಹೀಗೇ ಇದೆ. ರಿಟರ್ನ್ ಮರೆತರೆ ‘ಬಾರ್_ಲೇಬಲ್’ನಿಂದ ಕಂಬದ ನೆತ್ತಿಗೆ ಅಂಕಿ ಬರೆಯಲು ಆ ಕಂಬಗಳನ್ನು ಆಕ್ಸ್‌ನೊಳಗೆ ಹುಡುಕಬೇಕಾಗುತ್ತದೆ. ಲಂಬ ಅಕ್ಷ ಹಂಚಿಕೊಂಡಾಗ ಚಳ್ಳಕೆರೆಯ ಕಂಬಗಳು ನೆಲಕ್ಕೆ ಅಂಟಿದ ಹಾಗೆ ಕಾಣುತ್ತವೆ. ಅದೇ ತಾನೇ ನೀವು ತೋರಿಸಬೇಕೆಂದಿದ್ದು? ಸಿಎಸ್‌ವಿ (ಅಂಕಿಗಳ ಕಡತ) ಓದುವ ಎರಡು ಸಾಲಿಗೂ ಇಲ್ಲಿ ಕೆಲಸವಿಲ್ಲ, ಬೇರೆ ಫಂಕ್ಷನ್‌ಗೆ ದಾಟಿಸಿ.

ಚಿತ್ರದಲ್ಲಿ ‘ಮಳೆ’ ಇರಬೇಕಾದಲ್ಲಿ ಚೌಕಗಳಿವೆ. ‘ಗ್ಲಿಫ್ (ಅಕ್ಷರದ ಆಕಾರ) 3246 ಇಲ್ಲ’ ಎಂಬ ಎಚ್ಚರಿಕೆ ನಿಮಗೂ ಬಂದಿರಬೇಕು. ಅದು ‘ಮ’ ಅಕ್ಷರದ ಯೂನಿಕೋಡ್ ಸಂಖ್ಯೆ. ಡೀಫಾಲ್ಟ್ ಫಾಂಟ್ ಡೆಜಾವು ಸಾನ್ಸ್‌ನಲ್ಲಿ ಕನ್ನಡ ಇಲ್ಲ. ನೋಟೋ ಸಾನ್ಸ್ ಕನ್ನಡ ಹಾಕಿ, ಆಮೇಲೂ ‘ಆಗಸ್ಟ್’ನ ಒತ್ತು ಜಾಗದಲ್ಲಿ ಕೂತಿದೆಯೇ ಎಂದು ಕಣ್ಣಾರೆ ನೋಡಿ.

ತಿದ್ದಿದ ಮೇಲೆ ಮೂರು ಸಲ ಓಡಿಸಿ ಕಳಿಸಿ: ಆಗುಂಬೆ ಮೊದಲು, ಚಳ್ಳಕೆರೆ ಮೊದಲು, ಕೊನೆಗೆ 31 ಜಿಲ್ಲೆಗೂ ಲೂಪಿನಲ್ಲಿ, ಜಿಲ್ಲೆಗೊಂದು ಹಾಳೆ. ಲೂಪಿನಲ್ಲಿ ಪ್ರತಿ ಚಿತ್ರ ಉಳಿಸಿದ ಮೇಲೆ ‘ಪಿಎಲ್‌ಟಿ.ಕ್ಲೋಸ್(ಫಿಗ್)’ ಕರೆಯದಿದ್ದರೆ 21ನೇ ಜಿಲ್ಲೆಯ ಹೊತ್ತಿಗೆ, 20ಕ್ಕಿಂತ ಹೆಚ್ಚು ಹಾಳೆ ತೆರೆದಿದ್ದೀರಿ ಎಂದು ಮ್ಯಾಟ್‌ಪ್ಲಾಟ್‌ಲಿಬ್ಬೇ ಗೊಣಗುತ್ತದೆ.

ಸಂಪಾದಕ